ಕಾಯಿ ಎಲ್ಲಿ ಬೀಳಬೇಕು

ಆ ದಿನ ಮಧ್ಯಾಹ್ನ ಅತ್ತೆಗೂ ನನಗೂ ಜಗಳವಾಗಿದ್ದು ತೆಂಗಿನಕಾಯಿ ಎಲ್ಲಿ ಬೀಳಬೇಕು ಅನ್ನುವ ವಿಚಾರಕ್ಕೆ. ತೋಟದ ಕಾಯಿಯಲ್ಲ. ಹೊನ್ನವಳ್ಳಿಯ ತೋಟಗಳಲ್ಲಿ ಕಾಯಿ ಯಾರ ಅಪ್ಪಣೆಯನ್ನೂ ಕೇಳಿ ಬೀಳುವುದಿಲ್ಲ. ಇದು ನನ್ನ ಲ್ಯಾಪ್‌ಟಾಪಿನೊಳಗಿನ ಕಾಯಿ. ನಾನೇ ಬಿಡಿಸಿದ ಚಿತ್ರ, ನಾನೇ ತುಂಬಿದ ಬಣ್ಣ, ನಾನೇ ಬರೆದ ಕೋಡು. ಆದರೂ ಅದು ಎಲ್ಲಿ ಬೀಳಬೇಕೆಂದು ತೀರ್ಮಾನಿಸುವ ಅಧಿಕಾರ ಮಾತ್ರ ಪಕ್ಕದಲ್ಲಿ ಕಾಲು ಚಾಚಿ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ ಅತ್ತೆಯದು.

“ಮನುಷ್ಯರ ತಲೆ ಮ್ಯಾಲೆ ಕಾಯಿ ಬೀಳಲ್ಲ ಕಣೇ. ಅದಕ್ಕೆ ಮೂರು ಕಣ್ಣೈತೆ. ನೋಡ್ಕಂಡೇ ಬೀಳ್ತೈತೆ.”

“ಇದು ಆಟ ಕಣತ್ತೆ. ಎಲ್ಲಾದ್ರೂ ಒಂದು ಕಡೆ ಔಟ್ ಆಗ್ಬೇಕಲ್ವಾ?”

“ಆಗ್ಲಿ, ಬ್ಯಾಡ ಅಂದೋರ್ಯಾರು? ತಲೆ ಒಡ್ಕಂಡೇ ಔಟಾಗ್ಬೇಕು ಅಂತ ಏನೈತೆ? ನಿಮ್ಮ ಶೆಟ್ಟಿಕೆರೆ ಕಡೆ ಕಾಯಿಗೆ ಕಣ್ಣಿಲ್ದೆ ಇರಬೌದು. ನಮ್ ತೋಟದ ಕಾಯಿಗೆ ಐತೆ.”

ಶೆಟ್ಟಿಕೆರೆ ನನ್ನ ತವರು. ಯಾವ ಜಗಳವೇ ಆಗಲಿ, ಅದನ್ನು ಶೆಟ್ಟಿಕೆರೆಯವರೆಗೆ ಒಂದು ಸುತ್ತು ಹಾಕಿಸಿಕೊಂಡು ಬರದಿದ್ದರೆ ಅತ್ತೆಗೆ ಸಮಾಧಾನವಿರಲಿಲ್ಲ.

ಆಟದಲ್ಲಿ ಆಗ ಎರಡು ಕೆಲಸ ಉಳಿದಿದ್ದವು. ಆಡುವವರು ಸೋಲುವುದು ಹೇಗೆ ಅನ್ನುವುದು ಒಂದು. ಕಾಯಿ ನೆಲಕ್ಕೆ ಬಿದ್ದಾಗ ಬರುವ ಸದ್ದು ಇನ್ನೊಂದು. ಸದ್ದನ್ನು ಅತ್ತೆಯೇ ಬಾಯಲ್ಲಿ ಮಾಡಿಕೊಡುವುದೆಂದು ಒಪ್ಪಂದವಾಗಿತ್ತು. ಅವರಿಗೆ ಅದು ನೀರು ಕುಡಿದಷ್ಟು ಸಲೀಸು. ಊರ ಸುದ್ದಿ ಹೇಳುವಾಗ ನಡುವೆ ಕಾಯಿ ಬೀಳುವ ಸಂದರ್ಭ ಬಂದರೆ ಗಟ್ಟಿ ನೆಲಕ್ಕೆ ಬಿದ್ದದ್ದಕ್ಕೆ ಒಂದು ಸದ್ದು, ಉತ್ತ ನೆಲಕ್ಕೆ ಬಿದ್ದದ್ದಕ್ಕೆ ಇನ್ನೊಂದು, ಒಣಗಿದ ಸೋಗೆಯ ಮೇಲೆ ಬಿದ್ದು ಆಮೇಲೆ ಉರುಳಿದ್ದಕ್ಕೆ ಮತ್ತೊಂದು. ಕೆನ್ನೆಯಲ್ಲಿ ಗಾಳಿ ತುಂಬಿಕೊಂಡು, ನಾಲಗೆಯನ್ನು ಅಂಗುಳಕ್ಕೆ ಬಡಿದು ಮಾಡುತ್ತಿದ್ದ ಆ ಸದ್ದನ್ನು ಅಕ್ಷರದಲ್ಲಿ ಬರೆಯಲು ನನಗೆ ಬಾರದು. ‘ದೊಪ್’ ಎಂದು ಬರೆದರೆ ಅದು ಕಾಯಿಯಾಗುವುದಿಲ್ಲ, ಹಲಸಿನಹಣ್ಣಾಗುತ್ತದೆ.

ಆದರೆ ಎದುರಿಗೆ ಫೋನು ಹಿಡಿದು ‘ಹೂಂ, ಮಾಡಿ’ ಎಂದರೆ ಅತ್ತೆ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂರುತ್ತಿದ್ದರು.

“ನಮಸ್ಕಾರ. ನಾನು ಗೌರಮ್ಮ. ಎಲ್ರೂ ಚೆನ್ನಾಗಿದೀರಾ?”

“ಅತ್ತೆ, ಬರೀ ಸದ್ದು ಸಾಕು.”

“ಬಂದೋಳು ಮಖ ನೋಡ್ದೆ ಕಾಯಿ ಕೆಡವಿ ಹೋಗಕ್ಕಾಗ್ತೈತಾ? ಒಂದು ನಮಸ್ಕಾರ ಬ್ಯಾಡ್ವಾ?”

ಆಮೇಲೆ ನಗು. ನನಗೂ ನಗು. ಮತ್ತೆ ಫೋನು ಹಿಡಿಯುವುದು, ಮತ್ತೆ ಗಂಟಲು ಸರಿಮಾಡಿಕೊಳ್ಳುವುದು, ಮತ್ತೆ ನಗು. ಕೊನೆಗೆ, “ನಾಳೆ ಮಾಡ್ಕೊಡ್ತೀನಿ ಬುಡು, ಹುಣಸೆಹಣ್ಣು ಚೀಪಿ ಬಾಯೆಲ್ಲಾ ಜುಮ್ ಅಂತೈತೆ,” ಅಂದರು. ಸಂಜೆ ಹುರುಳಿಕಾಳಿನ ಸಾರು ಮಾಡಿದೆ. ಉಪ್ಪು ಮುಂದಾಗಿದೆ ಎಂದು ಹೇಳಿ ಎರಡನೇ ಸಲ ಹಾಕಿಸಿಕೊಂಡರು. ಕೈ ತೊಳೆಯಲು ಏಳುವಾಗ ಏನೋ ಹೊಳೆದಂತೆ ನಿಂತು, “ಪುಟ್ಟಿ ತೋಟಕ್ಕೆ ಉರುಳಿ ಹೋದ್ರೆ ಔಟು ಅಂತ ಹಾಕು. ಅದಕ್ಕಿಂತ ಸೋಲು ಯಾವ್ದೈತೆ,” ಅಂದರು. ಪುಟ್ಟಿ ಅಂದರೆ ಪಕ್ಕದ ತೋಟದ ಪುಟ್ಟಕ್ಕ. ನಾನು ನಕ್ಕು ನಾಳೆ ಹಾಕುತ್ತೇನೆ ಎಂದೆ.

ಮಾರನೆಯ ಬೆಳಗ್ಗೆ ಬಿದ್ದ ಕಾಯಿ ಆಯಲು ತೋಟಕ್ಕೆ ಹೋದ ಅತ್ತೆ ಬಾವಿಕಟ್ಟೆಯ ಮೇಲೆ ಕುಳಿತವರು ಕುಳಿತಲ್ಲೇ ಹೋಗಿಬಿಟ್ಟರು. ಬೇಲಿಯಾಚೆಯಿಂದ ನೋಡಿದ ಪುಟ್ಟಕ್ಕನೇ ಕೂಗಿ ಹೇಳಿದ್ದು. ಓಡಿಬಂದವರಲ್ಲಿ ಯಾರೋ “ತಲೆ ಮ್ಯಾಲೆ ಕಾಯಿ ಗೀಯಿ ಬಿತ್ತಾ?” ಎಂದು ಕೇಳಿದ್ದಕ್ಕೆ ಪುಟ್ಟಕ್ಕ ಅಳುತ್ತಲೇ ತಿರುಗಿಬಿದ್ದರು: “ಕಾಯಿಗೆ ಕಣ್ಣಿಲ್ವೇನ್ಲಾ?”

ಇದೆಲ್ಲ ಇವತ್ತು ನೆನಪಾದದ್ದಕ್ಕೆ ಕಾರಣ ಒಂದು ರೊಟ್ಟಿ. ಬೆಳಗ್ಗೆ ಅಕ್ಕಿರೊಟ್ಟಿ ತಟ್ಟುವಾಗ ನನ್ನ ಎಡಗೈಯ ಎರಡು ಬೆರಳು ತಾವಾಗಿಯೇ ಹೋಗಿ ರೊಟ್ಟಿಯ ಅಂಚನ್ನು ಒತ್ತಿದವು. ಕಿರುಬೆರಳು ಒಂದು ಕಡೆ, ನಡುಬೆರಳು ಸ್ವಲ್ಪ ಮೇಲೆ. ಕಂಪ್ಯೂಟರ್ ಬಲ್ಲವರಿಗೆ ಗೊತ್ತಾಗಿರುತ್ತದೆ, ಇದು ಕಂಟ್ರೋಲ್ ಎಸ್. ಮಾಡಿದ ಕೆಲಸವನ್ನು ಉಳಿಸುವ ಗುಂಡಿಗಳು.

ನಾನು ಓದಿದ್ದು ಪಿಯುಸಿ. ಜೊತೆಗೊಂದು ಕಂಪ್ಯೂಟರ್ ಕೋರ್ಸು. ಅದರಲ್ಲಿ ಅರ್ಧದಷ್ಟು ದಿನ ಕರೆಂಟು ಇಲ್ಲದೆ ಮೇಷ್ಟ್ರು ಬೋರ್ಡಿನ ಮೇಲೆ ಕೀಬೋರ್ಡಿನ ಚಿತ್ರ ಬರೆದು ಪಾಠ ಮಾಡಿದ್ದರು. ಆಮೇಲೆ ತಿಪಟೂರಿನ ಒಂದು ಅಂಗಡಿಯಲ್ಲಿ ಲಗ್ನಪತ್ರಿಕೆ, ಫ್ಲೆಕ್ಸ್ ಬ್ಯಾನರ್ ಮಾಡುವ ಕೆಲಸ ಸಿಕ್ಕಿತು. ಕರೆಂಟು ಹೇಳದೆ ಕೇಳದೆ ಹೋಗುವ ಊರಿನಲ್ಲಿ ಮದುಮಗಳ ಹೆಸರು ಬರೆದ ಕೂಡಲೇ ಒತ್ತಬೇಕು, ಮದುಮಗನ ಹೆಸರು ಬರೆದ ಕೂಡಲೇ ಒತ್ತಬೇಕು. ಇಲ್ಲದಿದ್ದರೆ ಮದುವೆ ನಿಂತಂತೆಯೇ. ಹೀಗೆ ಒತ್ತಿ ಒತ್ತಿ ಆ ಬೆರಳುಗಳಿಗೆ ಎಲ್ಲೆಂದರಲ್ಲಿ ಒತ್ತುವ ಚಟ ಹತ್ತಿತು. ಬಸ್ಸಿನ ಕಂಬಿ, ಸ್ಕೂಟರಿನ ಹ್ಯಾಂಡಲ್, ಮುದ್ದೆ, ರೊಟ್ಟಿ. ಅತ್ತೆ ಒಂದು ದಿನ ಕೇಳಿಯೇಬಿಟ್ಟರು.

“ಅದೇನೇ, ರೊಟ್ಟಿ ಕೆನ್ನೆ ಚಿವುಟ್ತೀಯಾ?”

“ಉಳಿಸ್ತಿದೀನಿ ಅತ್ತೆ. ಹಿಂಗೆ ಒತ್ತಿದ್ರೆ ಕಂಪ್ಯೂಟರಲ್ಲಿ ಇರೋದು ಹಂಗೇ ಉಳ್ಕಳುತ್ತೆ.”

ಅಂದಿನಿಂದ ನಮ್ಮ ಮನೆಯಲ್ಲಿ ಹೊಗಳಿಕೆಯ ಮಾತೇ ಬದಲಾಯಿತು. ಸಾರು ಹದವಾಗಿ ಬಂದರೆ “ಇವತ್ತಿನ್ ಸಾರು ಒತ್ತಿಡು.” ಎಮ್ಮೆ ಒದೆಯದೆ ಹಾಲು ಕೊಟ್ಟರೆ “ಒತ್ತೇ, ಒತ್ತೇ, ಬಿರ್ನೆ ಒತ್ತು.” ನಮ್ಮ ಮನೆಯವರು ವರ್ಷಕ್ಕೊಮ್ಮೆ ತಾವಾಗಿಯೇ ಹೊಸ ಪೊರಕೆ ತಂದಾಗ ಅತ್ತೆ, ಸೊಸೆ ಇಬ್ಬರೂ ಒಟ್ಟಿಗೆ ಜಗಲಿ ಒತ್ತಿದ್ದೆವು. ಅವರಿಗೆ ಏನೆಂದು ಅರ್ಥವಾಗದೆ, ಜಗಲಿ ಒಡೆದಿದೆಯೇನೋ ಎಂದು ಬಗ್ಗಿ ನೋಡಿದ್ದರು.

ಆಟದ ಹುಚ್ಚು ಹತ್ತಿಸಿದ್ದೂ ಲಗ್ನಪತ್ರಿಕೆಯೇ. ಈಗ ಯಾರಿಗೂ ಬರೀ ಕಾಗದದ ಪತ್ರಿಕೆ ಸಾಲದು. ಫೋನಿಗೆ ಕಳಿಸಲು ಅಲುಗಾಡುವ ಪತ್ರಿಕೆ ಬೇಕು. ದೀಪ ಮಿಣುಕಬೇಕು, ಹೂವು ಉದುರಬೇಕು. ಅಂಗಡಿಯಲ್ಲಿ ಬೇರೆ ಯಾರಿಗೂ ಬಾರದು ಎಂದು ನಾನೇ ಫೋನಿನಲ್ಲಿ ವಿಡಿಯೊ ನೋಡಿ ಕಲಿಯತೊಡಗಿದೆ. ಮೊದಲ ಪತ್ರಿಕೆಯಲ್ಲಿ ಉತ್ಸಾಹ ಹೆಚ್ಚಾಗಿ ಗಣಪತಿ ಒಂದು ಕಣ್ಣು ಮಿಟುಕಿಸುವಂತೆ ಮಾಡಿದ್ದೆ. ಹುಡುಗಿಯ ತಂದೆ ಅಂಗಡಿಗೇ ಬಂದು, “ಏನಮ್ಮ, ಗಣಪತಿ ನಮ್ಮ ಬೀಗರಿಗೆ ಸನ್ನೆ ಮಾಡ್ತವ್ನಲ್ಲ,” ಎಂದು ಬೈದು ಹೋದರು. ಆಮೇಲೆ ಬೆರಳು ತಾಗಿಸಿದರೆ ತೆರೆದುಕೊಳ್ಳುವ ಲಕೋಟೆಯ ಪತ್ರಿಕೆ ಮಾಡಿ ಅತ್ತೆಗೆ ತೋರಿಸಿದೆ. ಅವರು ಬೆರಳು ತಾಗಿಸಿದರು, ತೆರೆಯಿತು. ಮತ್ತೆ ತಾಗಿಸಿದರು, ಮುಚ್ಚಿತು. ಮದುವೆ ಯಾರದು, ಯಾವತ್ತು, ಒಂದನ್ನೂ ಓದದೆ ತೆರೆಯುತ್ತ ಮುಚ್ಚುತ್ತ ಕೂತರು.

“ಮುಟ್ಟಿದ್ರೆ ಏನಾದ್ರೂ ಆಗ್ಬೇಕು ಕಣೇ. ಬರೀ ನೋಡೋದಾದ್ರೆ ಗೋಡೆ ಇಲ್ವಾ?”

ಆಟ ಮಾಡುವವರು ಕಲಿಯಬೇಕಾದ ಮೊದಲ ಪಾಠ ಇದೇ ಎಂದು ನಾನು ಆಮೇಲೆ ಎಷ್ಟೋ ವಿಡಿಯೊಗಳಲ್ಲಿ ಕೇಳಿದೆ. ಅವರು ಅದನ್ನು ಬಹಳ ಹೊತ್ತು ಹೇಳುತ್ತಾರೆ.

ನಮ್ಮ ತೋಟವನ್ನೇ ಆಟ ಮಾಡೋಣ ಎಂದದ್ದು ಅತ್ತೆ. ಮರದಿಂದ ಕಾಯಿ ಬೀಳಬೇಕು, ಕೆಳಗೆ ಕುಕ್ಕೆ ಹಿಡಿದ ಹೆಂಗಸು ಅತ್ತಿತ್ತ ಓಡಾಡಿ ಹಿಡಿಯಬೇಕು. ಅಂಗಡಿಯವರು ಹೊಸ ಕಂಪ್ಯೂಟರ್ ತಂದಾಗ ಹಳೆಯ ಲ್ಯಾಪ್‌ಟಾಪನ್ನು ನನಗೆ ಕೊಟ್ಟಿದ್ದರು. ಭಾನುವಾರ ಮಧ್ಯಾಹ್ನಗಳಲ್ಲಿ ನಮ್ಮ ಪಡಸಾಲೆಯೇ ಕಾರ್ಖಾನೆ.

ಮೊದಲು ಮರ ಬರೆದೆ. ಒಂದು ಸೋಗೆ ಬರೆದು, ಅದನ್ನೇ ನಕಲು ಮಾಡಿ ತಿರುಗಿಸಿ ತಿರುಗಿಸಿ ಅಂಟಿಸುವುದು ಸುಲಭದ ದಾರಿ. ಗಾಳಿಗೆ ಅಲ್ಲಾಡಲಿ ಎಂದು ಪ್ರತಿ ಸೋಗೆಗೂ ‘ತಿರುಗು’ ಎಂದು ಬರೆದೆ. ಓಡಿಸಿ ನೋಡಿದರೆ ಸೋಗೆಗಳೆಲ್ಲ ತಮ್ಮ ತಮ್ಮ ನಡುವನ್ನೇ ಹಿಡಿದುಕೊಂಡು ಗರಗರ ಸುತ್ತತೊಡಗಿದವು.

“ಇದ್ಯಾಕೇ, ಮರಕ್ಕೆ ಫ್ಯಾನ್ ಕಟ್ಟಿದೀಯಾ?” ಅಂದರು ಅತ್ತೆ.

ಹೊಸದಾಗಿ ಕಲಿಯುವವರಿಗೆ ಹೇಳುತ್ತೇನೆ. ಚಿತ್ರ ಯಾವ ಬಿಂದುವನ್ನು ಹಿಡಿದು ತಿರುಗಬೇಕೆಂದು ಮೊದಲು ಹೇಳಬೇಕು. ಹೇಳದಿದ್ದರೆ ಕಂಪ್ಯೂಟರ್ ನಡುವನ್ನೇ ಹಿಡಿಯುತ್ತದೆ. ಬಿಂದುವನ್ನು ಸೋಗೆಯ ಬುಡಕ್ಕೆ ಎಳೆದು ತಂದೆ. ಫ್ಯಾನ್ ನಿಂತಿತು. ಈಗ ಸೋಗೆಗಳೆಲ್ಲ ಒಂದೇ ಸಮ ಎಡಕ್ಕೆ, ಒಂದೇ ಸಮ ಬಲಕ್ಕೆ ಬಾಗತೊಡಗಿದವು. “ಶಾಲೆ ಮಕ್ಕಳು ಡ್ರಿಲ್ ಮಾಡ್ದಂಗೈತೆ” ಎಂಬ ಟೀಕೆ ಬಂತು. ಪ್ರತಿ ಸೋಗೆಯೂ ಪಕ್ಕದ್ದಕ್ಕಿಂತ ಒಂದು ಚೂರು ತಡವಾಗಿ ಶುರುಮಾಡಲಿ ಎಂದು ಬರೆದೆ, ಹೊರಡುವಾಗ ನಿಧಾನ, ನಡುವೆ ಬಿರುಸು, ನಿಲ್ಲುವಾಗ ಮತ್ತೆ ನಿಧಾನ ಎಂದೂ ಸೇರಿಸಿದೆ. ಆಗ ಗಾಳಿ ಬಂತು. ಪರದೆಯ ಮೇಲೆ ಗಾಳಿಯನ್ನು ಯಾರೂ ಬರೆದಿರಲಿಲ್ಲ, ಆದರೂ ಬಂತು. ಅತ್ತೆ ನನ್ನ ಕೈ ಹಿಡಿದು ಎರಡು ಬೆರಳನ್ನು ತಾವೇ ಒತ್ತಿಸಿದರು.

ಕುಕ್ಕೆಯ ಹೆಂಗಸನ್ನು ನಡೆಸುವುದು ಇನ್ನೂ ಮೋಜಿನ ಕೆಲಸ. ಚಿಕ್ಕಂದಿನಲ್ಲಿ ಶೆಟ್ಟಿಕೆರೆ ಶಾಲೆಯಲ್ಲಿ ಸಮಾಜಪಾಠದ ಪುಸ್ತಕದ ಮೂಲೆಯಲ್ಲಿ ಪ್ರತಿ ಹಾಳೆಗೂ ಒಂದೊಂದು ಕಡ್ಡಿಗೊಂಬೆ ಬರೆದು, ಹೆಬ್ಬೆರಳಿನಿಂದ ಸರ್ರನೆ ಹಾಳೆ ಬಿಟ್ಟರೆ ಗೊಂಬೆ ಓಡುತ್ತಿತ್ತು. ಸಮಾಜಪಾಠದಲ್ಲಿ ನನಗೆ ನೆನಪಿರುವುದು ಅದೊಂದೇ. ಉದುರಿದ ಎಳೆಗಾಯಿ ಕುರುಂಬೆಗೆ ಕಡ್ಡಿ ಚುಚ್ಚಿ ಮಾಡಿದ ಗಾಡಿ, ತೆಂಗಿನ ಗರಿಯ ಪೀಪಿ, ಬಿದ್ದ ಸೋಗೆಯ ಮೇಲೆ ಕೂರಿಸಿ ಒಬ್ಬರನ್ನೊಬ್ಬರು ಎಳೆದಾಡುವ ತೇರು, ಇವುಗಳ ಸಾಲಿಗೆ ಸೇರಿದ ಆಟ ಅದು. ಕಂಪ್ಯೂಟರಿನಲ್ಲೂ ಅದೇ ಕಡ್ಡಿಗೊಂಬೆ ವಿದ್ಯೆ. ಒಂದರ ಮೇಲೊಂದು ಚಿತ್ರ. ಆದರೆ ಅಲ್ಲೊಂದು ಉಪಾಯವಿದೆ. ಒಂದು ಗುಂಡಿ ಒತ್ತಿದರೆ ಹಿಂದಿನ ಚಿತ್ರ ಅಳಿಯದೆ, ಹೊಸ ಹಾಳೆಯ ಅಡಿಯಲ್ಲಿ ತೆಳ್ಳಗೆ ಕಾಣುತ್ತಿರುತ್ತದೆ. ಅದರ ಮೇಲೆ ಕಾಲನ್ನು ಸ್ವಲ್ಪ ಸರಿಸಿ ಮುಂದಿನದನ್ನು ಬರೆಯಬೇಕು. ಇದಕ್ಕೆ ಈರುಳ್ಳಿ ಸಿಪ್ಪೆ ಎಂದು ಹೆಸರು.

“ಇದೊಂದಕ್ಕೆ ಸರಿಯಾದ ಹೆಸರಿಟ್ಟವ್ರೆ,” ಎಂದು ಅತ್ತೆ ಒಪ್ಪಿಕೊಂಡರು. ಆಮೇಲೆ ತಾವೇ ಎದ್ದು ಪಡಸಾಲೆಯಲ್ಲಿ ಕುಕ್ಕೆ ಹಿಡಿದು ನಡೆದು ತೋರಿಸಿದರು. ಅವರ ಬಲಗಾಲು ಎಡಗಾಲಿಗಿಂತ ಸ್ವಲ್ಪ ಹೊರಗೆ ಬೀಳುತ್ತಿತ್ತು. ನಾನು ಅದನ್ನೂ ಬರೆದೆ. ಓಡಿಸಿ ತೋರಿಸಿದಾಗ, “ಯಾರೇ ಇವ್ಳು, ಇಷ್ಟೊಂದು ವಯ್ಯಾರ?” ಎಂದು ಕೇಳಿದರು. ನೀವೇ ಎಂದೆ. ಮುಂದಿನ ಭಾನುವಾರದವರೆಗೆ ನೆಟ್ಟಗೆ ನಡೆಯಲು ಪ್ರಯತ್ನಿಸಿ ಸೊಂಟ ನೋಯಿಸಿಕೊಂಡರು.

ಈಗ ಪೆಟ್ಟಿಗೆಗಳ ವಿಷಯಕ್ಕೆ ಬರುತ್ತೇನೆ, ಜಗಳ ಹುಟ್ಟಿದ್ದು ಅಲ್ಲೇ. ಕಂಪ್ಯೂಟರಿಗೆ ಕಾಯಿ ಯಾವುದು, ಕುಕ್ಕೆ ಯಾವುದು ಗೊತ್ತಿಲ್ಲ. ಪ್ರತಿಯೊಂದರ ಸುತ್ತ ಕಣ್ಣಿಗೆ ಕಾಣದ ಒಂದು ಪೆಟ್ಟಿಗೆ ಕಟ್ಟಬೇಕು. ಪೆಟ್ಟಿಗೆಗೆ ಪೆಟ್ಟಿಗೆ ತಾಗಿದರೆ ಕಾಯಿ ಕುಕ್ಕೆಗೆ ಬಿತ್ತು ಎಂದರ್ಥ. ಆಟ ಸರಿಯಾಗಿ ನಡೆಯದಿದ್ದರೆ ಆ ಪೆಟ್ಟಿಗೆಗಳಿಗೆ ಸ್ವಲ್ಪ ಹೊತ್ತು ಕೆಂಪು ಬಣ್ಣ ಹಚ್ಚಿ ನೋಡಬೇಕು, ತಪ್ಪು ತಾನಾಗಿ ಕಾಣುತ್ತದೆ. ಇನ್ನೊಂದು ಗುಟ್ಟಿದೆ. ಹಿಡಿಯಬೇಕಾದ ವಸ್ತುವಿಗೆ ಪೆಟ್ಟಿಗೆ ಚಿತ್ರಕ್ಕಿಂತ ದೊಡ್ಡದಿರಬೇಕು, ಪೆಟ್ಟಾಗುವ ಜಾಗಕ್ಕೆ ಪೆಟ್ಟಿಗೆ ಚಿಕ್ಕದಿರಬೇಕು. ಆಗ ಆಡುವವರಿಗೆ ತಾವು ಬಹಳ ಚುರುಕು ಎನ್ನಿಸಿ ಖುಷಿಯಾಗುತ್ತದೆ. ಇದನ್ನು ಹೇಳಿದಾಗ ಅತ್ತೆ ತಲೆದೂಗಿದರು.

“ಒಳ್ಳೇದು. ಕುಕ್ಕೆಗೆ ದೊಡ್ ಪೆಟ್ಟಿಗೆ ಕಟ್ಟು. ತಲೆಗೆ ಪೆಟ್ಟಿಗೆನೇ ಬ್ಯಾಡ.”

ತಲೆಯ ಪೆಟ್ಟಿಗೆ ತೆಗೆದೆ. ಕಾಯಿ ಬಂದು ಹೆಂಗಸಿನ ತಲೆಯೊಳಗಿಂದ ತೂರಿ, ಹೊಟ್ಟೆಯೊಳಗಿಂದ ಇಳಿದು, ಕಾಲ ಬಳಿ ನೆಲಕ್ಕೆ ಬಿತ್ತು. ಅತ್ತೆ ‘ಅಯ್ಯೋ’ ಎಂದು ತಮ್ಮ ತಲೆ ಮುಟ್ಟಿ ನೋಡಿಕೊಂಡರು. ಇದಕ್ಕಿಂತ ಬೀಳುವುದೇ ವಾಸಿ ಎಂದೆ. ಇಲ್ಲ, ಕಾಯಿ ಕಾಯಬೇಕು ಎಂದರು. ಕೆಳಗೆ ಮನುಷ್ಯರಿದ್ದರೆ ಅವರು ಸರಿಯುವವರೆಗೆ ಕಾಯಿ ಮರದಲ್ಲೇ ಕಾಯಬೇಕು. ಹಾಗೇ ಒಂದು ಸಾಲು ಬರೆದೆ. ತಲೆಗೆ ಬೀಳುವ ಹಳೆಯ ಸಾಲನ್ನು ಅಳಿಸಲು ಮನಸ್ಸಾಗದೆ ಅದರ ಮುಂದೆ ಎರಡು ಓರೆಗೆರೆ ಹಾಕಿದೆ. ಹಾಗೆ ಗೆರೆ ಹಾಕಿದರೆ ಸಾಲು ಅಲ್ಲೇ ಇರುತ್ತದೆ, ಕಂಪ್ಯೂಟರ್ ಮಾತ್ರ ಅದನ್ನು ಓದದೆ ಮುಂದಕ್ಕೆ ಹೋಗುತ್ತದೆ. ಅದಕ್ಕೂ ಒಂದು ಗುಂಡಿಯ ಉಪಾಯವಿದೆ, ಕಂಟ್ರೋಲ್ ಒತ್ತಿ ಓರೆಗೆರೆ. ಅತ್ತೆ ಅದನ್ನು ಸಾಲು ಮಲಗಿಸುವುದು ಎನ್ನುತ್ತಿದ್ದರು.

ಆಟವನ್ನು ಮೊದಲು ಆಡಿದವರು ಪುಟ್ಟಕ್ಕ. ಅವರು ಹೆಂಗಸನ್ನು ಮರದ ಕೆಳಗೆ ತಂದು ನಿಲ್ಲಿಸಿ ಕೈ ತೆಗೆದರು. ಕಾಯಿ ಕಾಯಿತು. ಹೆಂಗಸು ಸರಿಯಲಿಲ್ಲ. ಕಾಯಿ ಬೀಳಲಿಲ್ಲ. ಪುಟ್ಟಕ್ಕ ಎಲೆಅಡಿಕೆ ಹಾಕಿಕೊಂಡರು, ಮಗಳ ಮನೆಯ ಸುದ್ದಿ ಹೇಳಿದರು, ನಾನು ಕೊಟ್ಟ ಕಾಫಿ ಕುಡಿದರು. ಕಾಯಿ ಇನ್ನೂ ಮರದಲ್ಲೇ ಇತ್ತು.

“ನೋಡ್ದಾ ಗೌರಕ್ಕ, ನಾನು ಔಟೇ ಆಗಿಲ್ಲ.”

“ನೀನು ಆಡೇ ಇಲ್ವಲ್ಲೇ.”

“ಆಡ್ದೆ ಗೆದ್ದೋಳೇ ಜಾಣೆ.”

ನಾನು ಪ್ರಪಂಚದಲ್ಲಿ ಯಾರೂ ಸೋಲಲಾಗದ ಆಟವೊಂದನ್ನು ಕಟ್ಟಿದ್ದೆ. ಅದನ್ನು ಸರಿಮಾಡಲು ಹೊರಟಾಗಲೇ ಹುಣಸೆಹಣ್ಣಿನ ದಿನದ ಜಗಳ ನಡೆದದ್ದು.

ಅತ್ತೆ ಕೊನೆಗೆ ಹೇಳಿದ ಉಪಾಯ ಅರ್ಥವಾಗಬೇಕಾದರೆ ನಮ್ಮ ಬದುವಿನ ಮರದ ವಿಷಯ ಗೊತ್ತಿರಬೇಕು. ಆ ಮರ ನಮ್ಮದು, ಆದರೆ ಪುಟ್ಟಕ್ಕನ ತೋಟದ ಕಡೆಗೆ ವಾಲಿದೆ. ಅದರ ಕಾಯಿ ಬೀಳುವುದೆಲ್ಲ ಬೇಲಿಯಾಚೆಗೆ. ಎಲ್ಲಿ ಬಿದ್ದರೂ ಕಾಯಿ ಮರದವರದೇ ಎನ್ನುವುದು ಇಲ್ಲಿನ ರೂಢಿ. ಪುಟ್ಟಕ್ಕ ಪ್ರತಿ ಬೆಳಗ್ಗೆ ಅದನ್ನು ಬೇಲಿಯ ಮೇಲಿಂದ ಈಚೆಗೆ ಎಸೆಯುತ್ತಿದ್ದರು. ಸುಮ್ಮನೆ ಎಸೆದರೆ ಕಷ್ಟವಿರಲಿಲ್ಲ. “ಗೌರಕ್ಕ, ನಿನ್ ಮಗ ನಮ್ಮನೇಗೆ ಓಡಿಬಂದವ್ನೆ, ಊಟ ಸರಿಯಾಗಿ ಹಾಕಲ್ವಾ?” ಎಂದು ಇಡೀ ತೋಟಸಾಲಿಗೆ ಕೇಳುವಂತೆ ಕೂಗಿ ಎಸೆಯುತ್ತಿದ್ದರು. ಆ ಮಾತು ಕೇಳಬಾರದೆಂದೇ ಅತ್ತೆ ಕತ್ತಲು ಹರಿಯುವ ಮೊದಲೇ ಎದ್ದು ಕಾಯಿ ಆಯಲು ಹೋಗುತ್ತಿದ್ದದ್ದು. ಅವರು ಬೇಗ ಏಳುತ್ತಾರೆಂದು ಪುಟ್ಟಕ್ಕ ಅವರಿಗಿಂತ ಬೇಗ ಏಳುತ್ತಿದ್ದರು.

ಅತ್ತೆಯನ್ನು ಬಾವಿಕಟ್ಟೆಯಿಂದ ಎತ್ತುವಾಗ ನಾನು ಪಕ್ಕದಲ್ಲೇ ಇದ್ದೆ. ನನ್ನ ಎಡಗೈಯ ಎರಡು ಬೆರಳು ಕಟ್ಟೆಯ ಕಲ್ಲನ್ನು ಒತ್ತುತ್ತಲೇ ಇದ್ದವು ಎಂದು ಪುಟ್ಟಕ್ಕ ಆಮೇಲೆ ಹೇಳಿದರು. ನನಗೆ ನೆನಪಿಲ್ಲ.

ಶ್ರದ್ಧಾಂಜಲಿಯ ಫ್ಲೆಕ್ಸನ್ನು ಅಂಗಡಿಯಲ್ಲಿ ನಾನೇ ಮಾಡಿದೆ. ಎಷ್ಟೋ ಮನೆಗಳಿಗೆ ಮಾಡಿಕೊಟ್ಟಿದ್ದೇನೆ. ದೀಪ, ಪಾರಿವಾಳ, ಮೋಡ ಎಲ್ಲ ಸಿದ್ಧವಾಗಿಯೇ ಇರುತ್ತವೆ. ಫೋಟೊ ಒಂದು ಕೂರಿಸಿದರೆ ಮುಗಿಯಿತು. ಆದರೆ ಅತ್ತೆಯ ಫೋಟೊಗಳಲ್ಲಿ ಚೆನ್ನಾಗಿದ್ದದ್ದು ಒಂದೇ, ಮರಕ್ಕೆ ಫ್ಯಾನ್ ಕಟ್ಟಿದ ದಿನ ಲ್ಯಾಪ್‌ಟಾಪ್ ನೋಡಿ ಹಲ್ಲು ಬಿಟ್ಟು ನಗುತ್ತಿದ್ದದ್ದು. ಇಷ್ಟೊಂದು ನಗುವ ಫೋಟೊ ಹಾಕಿದರೆ ಜನ ಏನಂದಾರು ಎಂದು ನಮ್ಮ ಮನೆಯವರು ಅನುಮಾನಿಸಿದರು. ಬೇರೆಯದನ್ನು ಕೂರಿಸಿ ನೋಡಿದೆವು. ಅದರಲ್ಲಿ ಅವರು ರೇಷನ್ ಅಂಗಡಿಯ ಸರತಿಯಲ್ಲಿ ನಿಂತಂತೆ ಕಾಣುತ್ತಿದ್ದರು. ಕೊನೆಗೆ ನಗುವುದನ್ನೇ ಹಾಕಿದೆವು. ಬಸ್ ನಿಲ್ದಾಣದ ಬಳಿ ಕಟ್ಟಿದ ಆ ಫ್ಲೆಕ್ಸ್ ನೋಡಿ ಬಸ್ಸಿನಲ್ಲಿದ್ದ ಯಾರೋ ಅಪರಿಚಿತ ಹೆಂಗಸು ತಾನೂ ನಕ್ಕದ್ದನ್ನು, ಆಮೇಲೆ ಕೆಳಗಿನ ಅಕ್ಷರ ಓದಿ ಗಾಬರಿಯಿಂದ ಬಾಯಿಗೆ ಸೆರಗು ಹಿಡಿದದ್ದನ್ನು ನಾನು ಕಣ್ಣಾರೆ ಕಂಡೆ. ಅತ್ತೆಗೆ ಹೇಳಬೇಕಾದ ಸುದ್ದಿ ಎಂದುಕೊಂಡೇ ಮನೆಯವರೆಗೆ ನಡೆದೆ.

ಬಹಳ ದಿನ ಲ್ಯಾಪ್‌ಟಾಪ್ ತೆರೆಯಲಿಲ್ಲ. ತೆರೆಸಿದ್ದು ಪುಟ್ಟಕ್ಕ. ಒಂದು ಭಾನುವಾರ ಮಧ್ಯಾಹ್ನ ತಾವಾಗಿಯೇ ಬಂದು, ಅತ್ತೆ ಕೂರುತ್ತಿದ್ದ ಜಾಗ ಬಿಟ್ಟು ಅದರ ಪಕ್ಕದಲ್ಲಿ ಕೂತು, “ಆಟ ಹಾಕವ್ವ, ನೋಡಾನ,” ಅಂದರು. ಅತ್ತೆ ಹೇಳಿದಂತೆ ಬದು ಬರೆದೆ, ಬೇಲಿ ಬರೆದೆ, ಬೇಲಿಯಾಚೆ ಹಸಿರು ಸೀರೆಯ ಒಬ್ಬ ಹೆಂಗಸನ್ನು ಬರೆದೆ. ಹಿಡಿಯದ ಕಾಯಿ ಉರುಳಿ ಬೇಲಿ ದಾಟಿದರೆ ಔಟು. ಪುಟ್ಟಕ್ಕ ಕನ್ನಡಕವನ್ನು ಮೂಗಿನ ತುದಿಗೆ ತಂದು ನೋಡಿದರು.

“ಈ ಹಸುರು ಸೀರೆಯೋಳು ಯಾರೇ?”

ನಾನು ಒಂದು ಕಾಯಿಯನ್ನು ಬೇಲಿ ದಾಟಿಸಿ ತೋರಿಸಿದೆ.

“ನನ್ ಕಡೀಕೆ ಬಂದ್ರೆ ಔಟಾ? ನಾನೇನು ಕಾಯಿ ನುಂಗೋಳಾ?”

“ಅತ್ತೆ ಹಂಗೆ ಹಾಕು ಅಂದಿದ್ರು ಕಣಕ್ಕ.”

“ಅವ್ಳು ಹಂಗೇ ಅಂತಾಳೆ. ಇಷ್ಟ್ ವರ್ಸ ಎಸ್ದೋಳು ನಾನು. ಒಂದು ಕಾಯಿ ಇಟ್ಕಂಡಿದೀನಾ ಕೇಳು. ನಾನು ವಾಪಸ್ ಎಸಿತೀನಿ ಅಂತ ಬರಿ.”

ಬರೆದೆ. ಅದನ್ನು ಬರೆಯಲು ಎರಡು ಭಾನುವಾರ ಹಿಡಿಯಿತು. ಕಾಯಿ ಹೋಗುತ್ತಿತ್ತು, ಹಿಂದಿರುಗಿ ಬರುತ್ತಿರಲಿಲ್ಲ. ಇಂಥ ಹೊತ್ತಿನಲ್ಲಿ ಕೋಡಿನ ನಡುವೆ ಅಲ್ಲಲ್ಲಿ ‘ಇಲ್ಲಿಗೆ ಬಂತು’ ಎಂದು ಬರೆದು ಬಿಡುವುದು ನನ್ನ ಉಪಾಯ. ಕಂಪ್ಯೂಟರ್ ಓಡುತ್ತ ಓಡುತ್ತ ‘ಇಲ್ಲಿಗೆ ಬಂತು’, ‘ಇಲ್ಲಿಗೆ ಬಂತು’ ಎಂದು ಹೇಳುತ್ತ ಹೋಗುತ್ತದೆ. ಎಲ್ಲಿ ಹೇಳುವುದನ್ನು ನಿಲ್ಲಿಸಿತೋ ಅಲ್ಲೇ ತಪ್ಪಿದೆ. ನೋಡಿದರೆ ಕಾಯಿಯನ್ನು ಎಸೆಯುವ ಮೊದಲು ಪುಟ್ಟಕ್ಕ ಬಗ್ಗಬೇಕು ಎಂದು ಹೇಳಲು ಮರೆತಿದ್ದೆ. ಬಗ್ಗಿಸಿದೆ. ಕಾಯಿ ಬೇಲಿಯ ಮೇಲಿಂದ ಕಮಾನಾಗಿ ಹಾರಿ ಈಚೆಗೆ ಬಂತು, ಕುಕ್ಕೆಯ ಹೆಂಗಸು ಬಲಗಾಲು ಹೊರಗೆ ಹಾಕುತ್ತ ಓಡಿ ಹಿಡಿದಳು. ಪುಟ್ಟಕ್ಕ ಚಪ್ಪಾಳೆ ತಟ್ಟಿದರು. ಆಮೇಲೆ ಬೇಕೆಂದೇ ಕಾಯಿಯನ್ನು ಬೇಲಿಯಾಚೆ ಬಿಡುವುದು, ತಾವೇ ಎಸೆಯುವುದನ್ನು ನೋಡುವುದು, ಮತ್ತೆ ಬಿಡುವುದು.

ಅಷ್ಟು ಹೊತ್ತಿಗೆ ನನಗೆ ಹೊಳೆಯಿತು. ಮತ್ತೆ ಯಾರೂ ಸೋಲಲಾಗದ ಆಟವೇ ಆಗಿಬಿಟ್ಟಿತ್ತು.

“ಮುಗಿಯೋದೇ ಇಲ್ವಲ್ಲಕ್ಕ ಇದು,” ಅಂದೆ.

“ಮುಗೀದಿದ್ರೆ ಏನಂತೆ? ಮನೇಗೆ ಹೋಗ್ಬೇಕು ಅನ್ಸಿದಾಗ ಎದ್ದೋಗೋದು,” ಎಂದು ಹೇಳಿ ಪುಟ್ಟಕ್ಕ ಇನ್ನೂ ಒಂದು ಗಂಟೆ ಕೂತರು.

ಅದನ್ನು ಹಾಗೇ ಬಿಟ್ಟಿದ್ದೇನೆ. ಹಾಗೆ ನೋಡಿದರೆ ಬದುವಿನ ಮರದ ಕಾಯಿಯನ್ನು ಪುಟ್ಟಕ್ಕ ಈಗ ಎಸೆಯುವುದಿಲ್ಲ. ಬೇಲಿ ಸುತ್ತಿ ಬಂದು ನಮ್ಮ ಜಗಲಿಯ ಮೇಲೆ ಇಟ್ಟು, ಕೂಗದೆ ಹೋಗುತ್ತಾರೆ. ಆಟದಲ್ಲಿ ಮಾತ್ರ ಎಸೆಯುತ್ತಾರೆ.

ಉಳಿದದ್ದು ಸದ್ದು. ಇದಕ್ಕೆ ಎಲ್ಲರೂ ಕೈಹಾಕಿದರು. ಪುಟ್ಟಕ್ಕ ಬಾಯಲ್ಲಿ ಮಾಡಿದ್ದು ಬಚ್ಚಲಲ್ಲಿ ಚೊಂಬು ಬಿದ್ದಂತಿತ್ತು. ನಮ್ಮ ಮನೆಯವರು ಮಾಡಿದ್ದಕ್ಕೆ ಎಮ್ಮೆ ತಿರುಗಿ ನೋಡಿತು. ನಿಜವಾದ ಸದ್ದನ್ನೇ ಹಿಡಿಯೋಣವೆಂದು ಫೋನು ಹಿಡಿದು ಬದುವಿನ ಮರದ ಹತ್ತಿರ ಕಾದೆ. ಫೋನಿನ ಚಾರ್ಜು ಮುಗಿಯುವವರೆಗೆ ಕಾಯಿಯೂ ಕಾದು, ಆಮೇಲೆ ಬಿತ್ತು. ಅಟ್ಟದಿಂದ ಒಂದು ಕಾಯಿ ತಂದು ನಾನೇ ಕೆಡವಿ ನೋಡಿದೆ. ಕೇಳಿಸಿಕೊಂಡರೆ ಯಾರೋ ಬಾಗಿಲು ತಟ್ಟಿದಂತಿತ್ತು, ಅದರ ಹಿಂದೆಯೇ ಒಳಮನೆಯಿಂದ ನಮ್ಮ ಮನೆಯವರು “ಯಾರೂ?” ಎಂದದ್ದೂ ಸೇರಿಕೊಂಡಿತ್ತು. ಇಂಟರ್‌ನೆಟ್ಟಿನಲ್ಲಿ ಬೇಕಾದಷ್ಟು ಸದ್ದು ಪುಕ್ಕಟೆ ಸಿಗುತ್ತವೆ. ಯಾವುದೋ ಸಮುದ್ರತೀರದ ಕಾಯಿಗಳು. ಮರಳಿನ ಮೇಲೆ ಬೀಳುತ್ತವೆ.

ಅತ್ತೆಯ ದನಿ ನನ್ನ ಫೋನಿನಲ್ಲಿ ಬೇಕಾದಷ್ಟಿದೆ. ನಮಸ್ಕಾರವಿದೆ, ಎಲ್ಲರೂ ಚೆನ್ನಾಗಿದೀರಾ ಎನ್ನುವುದಿದೆ, ಗಂಟಲು ಸರಿಮಾಡಿಕೊಳ್ಳುವುದು, “ಓಡ್ತೈತೇನೇ ಇದು?” ಎಂದು ಕೇಳುವುದು, ಬಳೆಯ ಸದ್ದು, ನಮ್ಮಿಬ್ಬರ ನಗು ಎಲ್ಲ ಇದೆ. ಅದರಲ್ಲೊಂದನ್ನು ಕತ್ತರಿಸಿ ಆಟದ ಬಾಗಿಲಿಗೆ ಇಟ್ಟಿದ್ದೇನೆ. ಪರದೆಯನ್ನು ಮುಟ್ಟಿದರೆ ಏನಾದರೂ ಆಗಬೇಕಲ್ಲ. ಈಗ ಮುಟ್ಟಿದರೆ ಅತ್ತೆ “ಸುರು ಮಾಡ್ಲಾ?” ಎಂದು ಕೇಳುತ್ತಾರೆ. ಸೋಗೆಗಳು ಒಂದರ ಹಿಂದೊಂದು ಅಲ್ಲಾಡುತ್ತವೆ. ಕುಕ್ಕೆಯ ಹೆಂಗಸು ಬರುತ್ತಾಳೆ. ಕಾಯಿ ಕೆಳಗೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಬೀಳುತ್ತದೆ.

ಸದ್ದಿಗೆಂದು ಬರೆದ ಸಾಲನ್ನು ಮಲಗಿಸಿಯೇ ಇಟ್ಟಿದ್ದೇನೆ. ಕಾಯಿ ನೆಲಕ್ಕೆ ಬಿದ್ದಾಗ ಬರಬೇಕಾದ ಸದ್ದು ಇನ್ನೂ ಇಲ್ಲ.